ಮೂರು ಗಂಟೆಯ ಚಿಟ್

ಜರ್ಮನಿಯ ಕೀಲ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪರೀಕ್ಷಾ ಹಡಗಿನಲ್ಲಿ ಫೋಕೆ ತಮ್ಮೇನ ಮೂರು ದಿನದಿಂದ ಒಂದು ಸದ್ದಿನ ಬೆನ್ನು ಹತ್ತಿದ್ದ. ನೀರಿನಡಿಯ ಸದ್ದು ಕೇಳಿ ಜಲಾಂತರ್ಗಾಮಿಗಳ ಸುಳಿವು ಹಿಡಿಯುವ ಯಂತ್ರಗಳನ್ನು ತಯಾರಿಸುವ ಬ್ರೆಮೆನ್ನಿನ ಕಂಪನಿಯೊಂದರಲ್ಲಿ ಅವನದು ಮೂವತ್ತೆರಡು ವರ್ಷದ ನೌಕರಿ. ಹಡಗಿನ ತಳಕ್ಕೆ ಜೋಡಿಸಿದ್ದ ಹೊಸ ಯಂತ್ರ ಅವನ ಕೊನೆಯ ಕೂಸು. ನಾಳೆ ನೌಕಾಪಡೆಯವರು ಬಂದು ಒಪ್ಪಬೇಕು. ಒಪ್ಪದಿದ್ದರೆ ಮರುಪರೀಕ್ಷೆ ಮುಂದಿನ ವರ್ಷ. ಅಷ್ಟರಲ್ಲಿ ಫೋಕೆ ನಿವೃತ್ತನಾಗಿರುತ್ತಾನೆ.

ಆದರೆ ದಿನವೂ ಹನ್ನೊಂದಕ್ಕೆ, ಮತ್ತೆ ಮೂರಕ್ಕೆ, ಯಂತ್ರದಲ್ಲಿ 'ಚಿಟ್' ಎಂಬ ಸದ್ದು. ಕೆಲವು ನಿಮಿಷ ಬಿಟ್ಟು ಇನ್ನೊಂದು. ಒಟ್ಟು ಮೂರು.

"ನಿಮ್ಮ ಬೆಸುಗೆ ಬಿಟ್ಟಿದೆ, ತಮ್ಮೇನ ಅವ್ರೇ," ಎಂದಳು ಜೊತೆಗಿದ್ದ ಇಮ್ಕೆ. ಹೊಸದಾಗಿ ಪಿಎಚ್‌ಡಿ ಮುಗಿಸಿ ಬಂದವಳು; ಸದ್ದುಗಳನ್ನು ವಿಂಗಡಿಸುವ ತಂತ್ರಾಂಶ ಅವಳದು.

"ಬೆಸುಗೆ ಹಾಕಿದ್ದು ನಾನು. ದೆವ್ವ ಹಿಡಿದಿರೋದು ನಿನ್ನ ತಂತ್ರಾಂಶಕ್ಕೆ, ಡಾಕ್ಟರಮ್ಮ. ಇವತ್ತು ಮೂರಕ್ಕೆ ನಾನೇ ಕೂತ್ಕೋತೀನಿ. ಕಿವಿ ಅಂದ್ರೆ ಏನು ಅಂತ ತೋರಿಸ್ತೀನಿ."

ಎರಡೂ ಮುಕ್ಕಾಲಿಗೇ ಹೆಡ್‌ಫೋನ್ ಹಾಕಿ ಕುಳಿತ. ಮೂರಾಯಿತು, ಮೂರೂಕಾಲಾಯಿತು. ದೂರದ ದೋಣಿಯೊಂದರ ಗುಡುಗುಡು ಬಿಟ್ಟರೆ ಏನೂ ಇಲ್ಲ.

"ನೋಡಿದ್ಯಾ? ನನ್ನ ಕಂಡ್ರೆ ದೆವ್ವಕ್ಕೂ ಭಯ!" ಹೆಡ್‌ಫೋನನ್ನು ಇಮ್ಕೆಯ ಕೈಗಿಟ್ಟು ಪಕ್ಕದ ಅಡುಗೆಕೋಣೆಗೆ ನಡೆದ.

ಫೋಕೆ ಚಹಾಕ್ಕೆ ಹೆಸರಾದ ಪೂರ್ವ ಫ್ರೀಸ್‌ಲ್ಯಾಂಡ್ ಕರಾವಳಿಯವನು. ಹೊತ್ತು ತಪ್ಪಿದರೂ ಅವನ ಚಹಾದ ಕ್ರಮ ತಪ್ಪದು. ಕಪ್ಪಿಗೆ ಮೊದಲು ಕಲ್ಲುಸಕ್ಕರೆಯ ದಪ್ಪ ಹರಳು, ಅದರ ಮೇಲೆ ಕುದಿಯುವ ಚಹಾ, ಅಂಚಿನಿಂದ ಒಂದಿಷ್ಟು ಕೆನೆ. ಕಲಕುವಂತಿಲ್ಲ. ಮೂರು ಕಪ್ಪಿಗೆ ಕಡಿಮೆ ಕುಡಿಯುವಂತಿಲ್ಲ. ಸಾಕೆನಿಸಿದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು. ಬಿಸಿಗೆ ಹರಳು ಬಿರಿಯಿತು. ಅವನು ಒಂದು ಗುಟುಕು ಹೀರಿದ.

"ಬಂತು!" ಇಮ್ಕೆ ಕೂಗಿದಳು. "ಚಿಟ್ ಅಂತು! ಆಮೇಲೆ... ಆಮೇಲೆ ಯಾರೋ 'ಆಹಾ' ಅಂದ್ರು."

ಫೋಕೆ ಕಪ್ಪು ನೋಡಿದ. ಮೇಜು ನೋಡಿದ. ಮೇಜಿನ ಕಬ್ಬಿಣದ ಕಾಲನ್ನು ನೇರವಾಗಿ ಹಡಗಿನ ತಳಕ್ಕೇ ಬಿಗಿದಿದ್ದರು. ಅದರ ಕೆಳಗೇ ಅವನ ಯಂತ್ರ. ಗಬಕ್ಕನೆ ಕಪ್ಪು ಖಾಲಿ ಮಾಡಿ, ಮತ್ತೊಂದು ಹರಳು ಹಾಕಿ, ಉಸಿರು ಹಿಡಿದು ಚಹಾ ಸುರಿದ.

"ಇನ್ನೊಂದು!" ಆಚೆಯಿಂದ ಕೂಗು ಬಂತು.

ಇಮ್ಕೆ ಬಾಗಿಲಿಗೆ ಬಂದು ನಿಂತಳು. "ಈ ಜಲಾಂತರ್ಗಾಮಿಗೆ ಕೆನೆನೂ ಬೇಕಾ?"

ಪತ್ತೆಯಾದ ಸದ್ದಿನ ಕಾರಣವನ್ನು ದಾಖಲೆ ಪುಸ್ತಕದಲ್ಲಿ ಹಿರಿಯ ತಂತ್ರಜ್ಞನೇ ಕೈಯಾರೆ ಬರೆಯಬೇಕು. ನಾಳೆ ನೌಕಾಪಡೆಯವರು ಮೊದಲು ಓದುವುದೇ ಅದನ್ನು. 'ಮೇಜಿನ ಸಡಿಲ ತಿರುಪು' ಎಂದರೂ ನಡೆಯುತ್ತಿತ್ತು. ಫೋಕೆಯ ಪೆನ್ನು ತುಸು ಹೊತ್ತು ಹಾಗೇ ನಿಂತಿತು. ಆಮೇಲೆ ಬರೆದ: 'ಕಲ್ಲುಸಕ್ಕರೆ. ನನ್ನದು. ಫೋಕೆ ತಮ್ಮೇನ.'

ಇಮ್ಕೆ ಓದಿದಳು. ಈ ಸಲ ತಮಾಷೆ ಮಾಡಲಿಲ್ಲ. "ಒಂದು ಹರಳು ಒಡೆಯೋದು ಕೇಳುತ್ತೆ ಅಂದ್ರೆ ನಿಮ್ಮ ಯಂತ್ರ ಪಾಸಾದ ಹಾಗೇನೇ. ಆದ್ರೆ ನಾಳೆ ಅವರು ಹೋಗೋ ತನಕ ಚಹಾ ಇಲ್ಲ."

"ಹನ್ನೊಂದಕ್ಕೂ?"

"ಮೂರಕ್ಕೂ." ಅವಳು ಹೆಡ್‌ಫೋನಿನತ್ತ ಹೊರಟುಹೋದಳು.

ಫೋಕೆ ಎರಡನೇ ಕಪ್ಪು ಮುಗಿಸಿದ. ಹುಟ್ಟಿದಾಗಿನಿಂದ ಮೂರನೆಯದಕ್ಕೆ ಮೊದಲು ಸಾಕೆಂದವನಲ್ಲ. ನಾಳೆಗೆ ಇವತ್ತೇ ಅಭ್ಯಾಸವಾಗಲಿ ಎಂದು, ಮಲಗಿದ ಮಗುವಿನ ಪಕ್ಕ ಇಡುವಂತೆ ಮೆಲ್ಲಗೆ, ಚಮಚವನ್ನು ಕಪ್ಪಿನೊಳಗೆ ಇಟ್ಟ.

"ಟಿಣ್ ಅಂತು, ತಮ್ಮೇನ ಅವ್ರೇ," ಎಂದಳು ಇಮ್ಕೆ ಆಚೆಯಿಂದ.