ಕೂಡಿಡಲಾಗದ ಗಾಳಿ

ಗುಲ್ವಾಡಿಯ ಕೆಳಗೆ, ಹೊಳೆಯ ನಡುಗಡ್ಡೆಯಾದ ಆ ಕುದ್ರುವಿಗೆ ಕರೆಂಟಿನ ಕಂಬ ಬರಲೇ ಇಲ್ಲ, ಕರೆಂಟು ಮಾಡುವ ಗಾಳಿಯಂತ್ರ ಬಂತು. ಅದನ್ನು ತಂದು ನಿಲ್ಲಿಸಿದವರು ಹೋಗುವಾಗ ಒಂದು ಮಾತು ಹೇಳಿದ್ದರು: ಗಾಳಿ ಪುಕ್ಕಟೆ, ಅದನ್ನು ಕೂಡಿಡುವ ಬ್ಯಾಟರಿ ಮಾತ್ರ ಯಂತ್ರಕ್ಕಿಂತ ದುಬಾರಿ. ಹಾಗಾಗಿ ಕೊಟ್ಟದ್ದು ಒಂದೇ ಸಾಲು ಬ್ಯಾಟರಿ. ಅದು ತುಂಬಿದ ಮೇಲೆ ಮಿಕ್ಕ ಕರೆಂಟೆಲ್ಲ ಒಂದು ಡ್ರಮ್ಮಿನ ನೀರು ಕಾಯಿಸಿ ಮುಗಿಯುತ್ತಿತ್ತು. ಆಷಾಢದಲ್ಲಿ ಕುದ್ರುವಿನವರೆಲ್ಲ ಮೈ ಕೆಂಪಾಗುವಷ್ಟು ಬಿಸಿನೀರು ಮೀಯುತ್ತಿದ್ದರು. ಅಂಥ ಸುಖ ಪೇಟೆಯವರಿಗೂ ಇರಲಿಲ್ಲ ಬಿಡಿ.

ಜಲಜಳಿಗೆ ಬೇಕಾದದ್ದು ಬಿಸಿನೀರಲ್ಲ, ಅತ್ತೆ ಅಮ್ಮಣ್ಣಿಯ ಉಸಿರು. ಒಲೆಯ ಹೊಗೆ ಕುಡಿದೂ ಕುಡಿದೂ ಅಮ್ಮಣ್ಣಿಯ ಶ್ವಾಸಕೋಶ ಸೋತಿತ್ತು. ಮುಂಬಯಿಯ ಹೋಟೆಲಿನಲ್ಲಿದ್ದ ಮೈದುನ ಹಳೆಯದೊಂದು ಆಕ್ಸಿಜನ್ ಯಂತ್ರ ಕಳಿಸಿದ್ದ. ಅದು ಓಡಿದರೆ ಮುದುಕಿ ಉಂಟು, ಇಲ್ಲದಿದ್ದರೆ ಇಲ್ಲ.

2008ರ ಮಳೆಗಾಲದಲ್ಲಿ ಹೊಳೆ ಉಕ್ಕಿ ದೋಣಿ ನಿಂತಿತು. ಬ್ರಹ್ಮಾವರದಿಂದ ತರುತ್ತಿದ್ದ, ಬ್ಯಾಟರಿಗೆ ಹೊಯ್ಯುವ ಶುದ್ಧ ನೀರಿನ ಕ್ಯಾನೂ ಖಾಲಿಯಾಯಿತು. ಬ್ಯಾಟರಿ ನೋಡಿಕೊಳ್ಳುತ್ತಿದ್ದ ಜಲಜಳ ಗಂಡ ಪ್ರೇಮಾನಂದ ಬಾವಿಯಿಂದ ಒಂದು ಕೊಡ ಸೇದಿ ಎಲ್ಲಕ್ಕೂ ಹೊಯ್ದ. ಕುದ್ರುವಿನ ಬಾವಿ ಬೇಸಿಗೆಯಿಡೀ ಉಪ್ಪು, ಮಳೆ ಬಿದ್ದ ಮೇಲೆ ಸಿಹಿ. ಅಲ್ಲಿಯವರ ಪರೀಕ್ಷೆಯೆಲ್ಲ ನಾಲಗೆಯ ಮೇಲೆಯೇ, ಸಿಹಿಯಾಯಿತೆಂದರೆ ಶುದ್ಧವಾಯಿತು. ನಾಲಗೆಗೆ ಸಿಗದ ಉಪ್ಪು ಬ್ಯಾಟರಿಗಳನ್ನು ತಿಂದುಹಾಕಿತು.

"ಎಂತ ಹಾಕಿದ್ರಿ ಇದ್ಕೆ?" ಜಲಜ ಕೇಳಿದಳು.

"ಬಾವಿ ನೀರ್ ಮಾರಾಯ್ತಿ. ನಾವ್ ಕುಡುದಿಲ್ಯಾ ಅದನ್ನ?"

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅವನು ಆಗಲೇ ಅಳುತ್ತಿದ್ದ.

ಹಾಳಾದ ಬ್ಯಾಟರಿಯಲ್ಲಿ ಕರೆಂಟು ನಿಲ್ಲುತ್ತಿರಲಿಲ್ಲ. ಗಾಳಿ ಬೀಸಿದಷ್ಟು ಹೊತ್ತು ಆಕ್ಸಿಜನ್ ಯಂತ್ರ ಓಡುತ್ತಿತ್ತು, ತಗ್ಗಿದರೆ ಗಕ್ಕನೆ ನಿಲ್ಲುತ್ತಿತ್ತು. ಆಗೆಲ್ಲ ಅಮ್ಮಣ್ಣಿಯ ತುಟಿ ನೀಲಿಗಟ್ಟುತ್ತಿತ್ತು. ಹೊರಗೆ ಮಾಡು ಹಾರಿಸುವಂಥ ಗಾಳಿ, ಡ್ರಮ್ಮಿನಲ್ಲಿ ಕೊತಕೊತ ಕುದಿಯುವ ನೀರು. ಮುದುಕಿಗೆಂದು ಒಂದು ಗಳಿಗೆಯ ಕರೆಂಟು ಎತ್ತಿಡಲು ಮಾತ್ರ ದಾರಿಯಿಲ್ಲ. ಆ ಡ್ರಮ್ಮನ್ನು ನೋಡಿದರೆ ಜಲಜಳಿಗೆ ಹೊಟ್ಟೆ ಉರಿಯುತ್ತಿತ್ತು.

ಅವಳು ದೋಣಿಯ ಮಂಜಯ್ಯನಿಗೆ ಫೋನು ಹಚ್ಚಿದಳು. "ಹ್ವಾಯ್ ಮಂಜಯ್ಯಣ್ಣ, ಅತ್ತಿನ್ನ ಕುಂದಾಪ್ರ ಆಸ್ಪತ್ರಿಗೆ ಕರ್ಕಂಡ್ ಹೋಯ್ಕ್. ದೋಣಿ ತಕಂಡ್ ಬನ್ನಿ!"

"ಈ ಗಾಳಿಗ್ ದೋಣಿ ಮಗ್ಚತ್ತ್ ಮಾರಾಯ್ತಿ. ಗಾಳಿ ಇಳಿಲಿ, ಇಳ್ದ್ ಕೂಡ್ಲೆ ಬತ್ತೆ."

ಗಾಳಿ ಇಳಿದರೆ ದೋಣಿ ಬರುತ್ತದೆ, ಆದರೆ ಯಂತ್ರ ನಿಲ್ಲುತ್ತದೆ. ದೇವರ ಮುಂದೆ ಕೂತ ಜಲಜಳಿಗೆ ಏನು ಬೇಡುವುದೆಂದೇ ತಿಳಿಯಲಿಲ್ಲ. ಒಮ್ಮೆ ಬೀಸು ಎಂದಳು, ಒಮ್ಮೆ ನಿಲ್ಲು ಎಂದಳು. ಕೊನೆಗೆ ದೇವರಿಗೇ ಬೈದು ಎದ್ದಳು.

ಮಧ್ಯಾಹ್ನ ಗಾಳಿ ನಿಂತಿತು. ಯಂತ್ರವೂ ನಿಂತಿತು. ಮಂಜಯ್ಯ ಮಾತು ತಪ್ಪಲಿಲ್ಲ. ಬಂದವನು ಮೂವರನ್ನೂ ಹತ್ತಿಸಿಕೊಂಡು ಜೀವದ ಹಂಗು ತೊರೆದು ಹುಟ್ಟು ಹಾಕಿದ. ಹೊಳೆಯ ಮೇಲೆ ಒಂದೆಳೆ ಗಾಳಿಯೂ ಇರಲಿಲ್ಲ. ಅಮ್ಮಣ್ಣಿ ಸೊಸೆಯ ಮಣಿಕಟ್ಟು ಹಿಡಿದು, ಬಾಯಿ ತೆರೆದು ಉಸಿರು ಹುಡುಕುತ್ತಿದ್ದಳು. ಪ್ರೇಮಾನಂದ ಅಡಿಕೆ ಹಾಳೆಯ ಬೀಸಣಿಗೆಯಿಂದ ತಾಯಿಯ ಮುಖಕ್ಕೆ ಒಂದೇ ಸಮನೆ ಬೀಸುತ್ತಿದ್ದ.

ನಡುಹೊಳೆಯಲ್ಲಿ ಹಿಡಿದ ಕೈ ಸಡಿಲಾಯಿತು. ಅವನು ಬೀಸುತ್ತಲೇ ಇದ್ದ.

"ಸಾಕ್, ನಿಲ್ಸಿ," ಎಂದಳು ಜಲಜ.

ಅವನು ನಿಲ್ಲಿಸಲಿಲ್ಲ.