ನೆರೆಮನೆಯ ಫ್ರಿಜ್ಜಿನಲ್ಲಿದ್ದ ಜೀವ

ಒಂದಾನೊಂದು ಓಣಿಯಲ್ಲಿ ಒಬ್ಬಾಕೆಯಿದ್ದಳಂತೆ. ಅವಳ ಜೀವ ಅವಳ ಮೈಯಲ್ಲಿರದೆ ನೆರೆಯವಳ ಫ್ರಿಜ್ಜಿನಲ್ಲಿತ್ತಂತೆ.

ಪುಣೆಯ ಯೆರವಡಾದ ಆ ಓಣಿಯಲ್ಲಿ ಸಪ್ನಾ ಅದೇ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದಳು. ಕೊತ್ತಂಬರಿಯ ಹಿಂದೆ ಸಾವಂತ್ರವ್ವನ ಇನ್ಸುಲಿನ್ ಸೀಸೆಗಳು ಎರಡು ಉಳಿದಿದ್ದವು. ಹೊರಗೆ ಸಾವಂತ್ರವ್ವನ ಹೆಣಕ್ಕೆ ವಿಭೂತಿ ಹಚ್ಚುತ್ತಿದ್ದ ಗಂಡ ಈರಬಸಪ್ಪ ಬಂದವರಿಗೆಲ್ಲ ಹೇಳುತ್ತಿದ್ದ: "ಮೊದಲ ಸಪ್ನಾ ಹೂವು ಹಾಕ್ಲಿ. ನಾಕು ವರ್ಷ ನಮ್ಮಾಕೀನ ಕಾಯ್ದಾಕಿ ಆಕೀನ ರೀ."

"ಹೆತ್ತ ಮಗಳೂ ಇಷ್ಟು ಮಾಡಂಗಿಲ್ಲ ಬಿಡ್ರಿ," ಯಾರೋ ದನಿಗೂಡಿಸಿದರು.

ಸಪ್ನಾ ಕೊತ್ತಂಬರಿಯನ್ನು ಸೀಸೆಗಳ ಮುಂದಕ್ಕೆ ಸರಿಸಿದಳು.

*

ದಿನಾ ಮುಂಜಾನೆ ಸಾವಂತ್ರವ್ವ ಸಪ್ನಾಳ ಹೊಸ್ತಿಲಾಚೆ ನಿಲ್ಲುತ್ತಿದ್ದಳು. "ರಾಕ್ಷಸನ ಜೀವ ಗಿಣಿಯೊಳಗಂತ. ನಂದು ನಿನ್ನ ಕೊತ್ತಂಬರಿ ಹಿಂದ ಅದ. ತಗದು ಕೊಡವ್ವಾ."

ಒಮ್ಮೆ ನಗದೆ ಅಂದಿದ್ದಳು: "ನಾ ಹೋದ ಮ್ಯಾಲ ಉಳದದ್ದು ದವಾಖಾನಿಗೆ ಮುಟ್ಟಸು. ಇನ್ನೊಬ್ಬಾಕಿಗೆ ಆಗ್ತದ. ಕೈ ಮ್ಯಾಲ ಕೈ ಹಾಕು."

ಸಪ್ನಾ ಹಾಕಿದ್ದಳು.

ಹೋದ ತಿಂಗಳು ಮಗ ಸಾತ್ವಿಕನ ಹುಟ್ಟುಹಬ್ಬ. ಶ್ರೀಖಂಡದ ಡಬ್ಬಿಗೆ ಜಾಗ ಸಾಲದೆ ಸೀಸೆಗಳನ್ನು ಫ್ರೀಜರಿಗೆ ತುರುಕಿದಳು. ಮರುದಿನ ಕಲ್ಲಾಗಿದ್ದವು. ಕರಗಿಸಿ, ಒರೆಸಿ, ಮೊದಲಿನ ಜಾಗಕ್ಕಿಟ್ಟಳು. ಸಾವಂತ್ರವ್ವ ದಿನಾ ಚುಚ್ಚಿಕೊಂಡಳು, ದಿನಾ ಸೊರಗಿದಳು.

"ಎಷ್ಟು ನೀರು ಕುಡದರೂ ಬಾಯಿ ಆರತದ, ತಂಗಿ."

ಹೆಪ್ಪುಗಟ್ಟಿದ ಔಷಧಿ ಕೆಟ್ಟಿರಬೇಕೆಂದು ಸಪ್ನಾಗೆ ಅನುಮಾನ ಬಂದಿತ್ತು. ಹೇಳಿದರೆ ಶ್ರೀಖಂಡದ ಮಾತೂ ಬರುತ್ತಿತ್ತು. ಹುಟ್ಟುಹಬ್ಬಕ್ಕೆ ಓಣಿಯವರನ್ನೆಲ್ಲ ಕರೆದು, ಸಕ್ಕರೆ ಕಾಯಿಲೆಯವಳೆಂದು ಇವಳೊಬ್ಬಳನ್ನು ಬಿಟ್ಟಿದ್ದಳು.

*

ದವಾಖಾನೆಯ ಸಿಸ್ಟರ್ ನೀಲಿಮಾ ಹೆಣಕ್ಕೆ ಕೈ ಮುಗಿದು, ಸಪ್ನಾಳ ಹೊಸ್ತಿಲಿಗೆ ಬಂದಳು.

"ಬಾಟ್ಲಿ ಉಳದಿದ್ರ ಕೊಡ್ರಿ. ಯಂಕವ್ವ ಅಂತ ಒಬ್ಬಾಕಿ ಕಾಯ್ಕೊಂಡು ಕೂತಾಳ. ಸ್ಟಾಕ್ ಇಲ್ಲ ನಮ್ಮಲ್ಲಿ."

ಸುಮ್ಮನೆ ಕೊಟ್ಟುಬಿಡಬಹುದಿತ್ತು. ಸಪ್ನಾ ಸೀಸೆಗಳನ್ನು ಮುಷ್ಟಿಯಲ್ಲಿ ಹಿಡಿದೇ ಹೊರಗೆ ಬಂದಳು.

"ಇವನ್ನ ಯಾರಿಗೂ ಚುಚ್ಚಬ್ಯಾಡ್ರಿ. ಬರ್ಫ್ ಆಗಿದ್ವು. ಶ್ರೀಖಂಡ ಇಡಾಕ ನಾನ ಫ್ರೀಜರಿಗೆ ಹಾಕಿದ್ನಿ. ಸಾವಂತ್ರವ್ವ ಆಯಿಗೆ ಹೇಳಲಿಲ್ಲ."

ವಿಭೂತಿ ಹಿಡಿದ ಈರಬಸಪ್ಪನ ಕೈ ನಡುವೆಯೇ ನಿಂತಿತು.

ನೀಲಿಮಾ ತಲೆ ಎತ್ತಲಿಲ್ಲ. "ಫ್ರಿಜ್ ಅದನೋ ಇಲ್ಲೋ ಅಂತಷ್ಟ ಕೇಳ್ತದ್ರಿ ನಮ್ಮ ಫಾರ್ಮು. ಆಕಿ ಅದ ಅಂದ್ಳು, ನಾ ಬರಕೊಂಡೆ. ಯಾರ ಮನೀದು ಅಂತ ನಾಕು ವರ್ಷ ಕೇಳಲಿಲ್ಲ. ಬಾಟ್ಲಿ ತಂಪಿರಾಕ ಹಸಿ ಉಸುಕಿನ್ಯಾಗ ಒಂದು ಗಡಿಗಿ ಇಟ್ಕೊಂಡಿದ್ರ ನಡೀತಿತ್ತು. ಅದನ್ನೂ ಹೇಳಲಿಲ್ಲ."

ಅವಳು ಅಂಗೈ ಚಾಚಿದಳು. ಸಪ್ನಾ ಸೀಸೆಗಳನ್ನಿಟ್ಟಳು. ಬಿಸಿಲಿಗೆ ಒಳಗೆ ಬಿಳಿ ಚೂರುಗಳು ತೇಲಿದವು. ಹಿಂದೆ, ಮುಚ್ಚಲು ಮರೆತ ಫ್ರಿಜ್ಜು ತನ್ನ ತಂಪನ್ನೆಲ್ಲ ಸಾವಂತ್ರವ್ವ ನಿಲ್ಲುತ್ತಿದ್ದ ಹೊಸ್ತಿಲಿನತ್ತ ಸುರಿಯುತ್ತಿತ್ತು.