ಅಪ್ಪ ಮೂಸಿದ ಕ್ಯಾನು

ದೋಣಿಯ ಮೇಲಿನ ಅರ್ಧ ನೋಡಿ ಮರುಳಾಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆಳಗಿನ ಅರ್ಧ ತೊಳೆಯುವವಳು ನಾನು. ತಿಂಗಳುಗಟ್ಟಲೆ ನೀರಿನಲ್ಲಿ ನಿಂತ ದೋಣಿಯನ್ನು ದಡಕ್ಕೆ ಎಳೆದಾಗ ಅದರ ಹೊಟ್ಟೆಯಿಂದ ಇಳಿಯುವ ಲೋಳೆ, ಲೋಳೆಯೊಳಗೆ ಸಾಲಾಗಿ ಅಂಟಿಕೊಂಡ ಬಸವನಹುಳುಗಳು, ಅವು ಇಟ್ಟ ಮೊಟ್ಟೆ, ಇದಕ್ಕೆಲ್ಲ ಬಿಸಿಲು ತಾಕಿದಾಗ ಏಳುವ ನಾತ. ಇದನ್ನು ಒಂದು ಸಲ ಕಂಡವರು ಆಮೇಲೆ ದೋಣಿಯಲ್ಲಿ ಕಾಲು ಚಾಚಿ ಕೂತು ಫೋಟೋ ತೆಗೆಸಿಕೊಳ್ಳಲಾರರು. ಆದರೆ ಮಾಲೀಕರು ಆ ಹೊತ್ತಿಗೆ ಅಲ್ಲಿರುವುದಿಲ್ಲ. ಕೀಲಿ ಕೊಟ್ಟು ಹೋಗಿರುತ್ತಾರೆ.

ಇಷ್ಟೊಂದು ಹೇಸಿಗೆಪಡುವವಳಿಗೆ ಈ ಕೆಲಸ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅಪ್ಪನ ಕೆಲಸ, ಚಿಕ್ಕಂದಿನಿಂದ ಕೈಗೆ ಅಂಟಿತು, ಅಷ್ಟೆ. ಅಲ್ಲದೆ ಹೇಸಿಗೆಪಡುವವರೇ ಚೆನ್ನಾಗಿ ತೊಳೆಯುವುದು ಎನ್ನುವುದು ನನ್ನ ವಾದ. ನನ್ನ ಗಂಡ ಇದಕ್ಕೆ ನಗುತ್ತಾನೆ. "ಕೋಪಾನೂ ಮೂಗಿನ ತುದೀಲಿ, ಅಸಹ್ಯಾನೂ ಮೂಗಿನ ತುದೀಲಿ. ಇರೋದು ಇಷ್ಟೇ ಇಷ್ಟು ಮೂಗು, ಪಾಪ, ಎಷ್ಟು ಅಂತ ಹೊರಬೇಕು" ಎನ್ನುತ್ತಾನೆ.

ಆವತ್ತು ಬೆಳಗ್ಗೆ ಮಾತ್ರ ನನಗೆ ಹೇಸಿಗೆಯಾದದ್ದು ದೋಣಿಯಿಂದಲ್ಲ, ಅಪ್ಪನಿಂದ. ಕೆಲಸದ ಚೀಲದ ತಳದಲ್ಲಿ ಯಾವತ್ತೋ ಮರೆತಿದ್ದ ಡಬ್ಬಿ ಅವನ ಕೈಗೆ ಸಿಕ್ಕಿತು. ಒಳಗೆ ಒಂದು ಬೇಯಿಸಿದ ಮೊಟ್ಟೆ. ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯಲ್ಲಿದ್ದ ನಾನು ಸೆರಗಿಂದ ಮೂಗು ಮುಚ್ಚಿಕೊಂಡೆ. ನಾನು ಹಜಾರಕ್ಕೆ ಓಡಿ ಬರುವಷ್ಟರಲ್ಲಿ ಅಪ್ಪ ಸಿಪ್ಪೆ ಸುಲಿದು ಅರ್ಧ ಮೊಟ್ಟೆ ಬಾಯಿಗೆ ಹಾಕಿಕೊಂಡಾಗಿತ್ತು. ಹಳದಿ ಇರಬೇಕಾದ ಕಡೆ ಹಸಿರು ತಿರುಗಿತ್ತು.

"ಅಪ್ಪಾ! ಉಗಿ ಅದನ್ನ!"

"ಯಾಕಮ್ಮಾ? ಚೆನ್ನಾಗಿದೆ. ಉಪ್ಪು ಸ್ವಲ್ಪ ಕಮ್ಮಿ" ಎಂದ, ಅಗಿಯುತ್ತ.

ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದೆ.

ಅಪ್ಪ ಹಿಂದೆ ಹೀಗಿರಲಿಲ್ಲ. ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬೆರಳು ಮೂಸಿ ನೋಡಿ, ಸಮಾಧಾನವಾಗದೆ ಮತ್ತೆ ತೊಳೆಯುವ ಮನುಷ್ಯ. ಚಳಿಗಾಲ ಕಳೆದ ಮೇಲೆ ಅದೇನಾಯಿತೋ, ಲೋಳೆ ಒಣಗಿ ಗಟ್ಟಿಯಾದ ಅಂಗಿಯನ್ನೇ ಮರುದಿನವೂ ಹಾಕಿಕೊಳ್ಳುತ್ತಿದ್ದ, ಅದರ ಮರುದಿನವೂ. ಹಾಸಿಗೆಯಲ್ಲಿ ಕೆರೆಯ ತಳದ ವಾಸನೆ. ಅಂಗಡಿಯವನು ಅಪ್ಪ ಬಂದರೆ ಗಲ್ಲಾಪೆಟ್ಟಿಗೆ ಬಿಟ್ಟು ಒಳಗೆ ಸರಿದು ಕೆಲಸದ ಹುಡುಗಿಯನ್ನು ಮುಂದೆ ಕಳಿಸುತ್ತಿದ್ದ. ವಯಸ್ಸಾದ ಮೇಲೆ ನಾಚಿಕೆ ಬಿಟ್ಟಿದ್ದಾನೆ ಎಂದು ನಾನು ಗಂಡನ ಹತ್ತಿರ ಹೇಳಿದೆ, ಪಕ್ಕದ ಮನೆಯವಳ ಹತ್ತಿರ ಹೇಳಿದೆ, ಆ ಅಂಗಡಿಯವನ ಹತ್ತಿರವೂ ಹೇಳಿದೆ. ಅಪ್ಪನಿಗೆ ಮಾತ್ರ ಹೇಳಲಿಲ್ಲ. ನನ್ನ ಮೂಗು ಒರೆಸಿ ಬೆಳೆಸಿದವನಿಗೆ 'ನೀನು ನಾರುತ್ತೀಯ' ಎಂದು ಯಾವ ಬಾಯಲ್ಲಿ ಹೇಳುವುದು?

ಅದಕ್ಕೇ ಬೇರೆ ದಾರಿ ಹುಡುಕಿದ್ದೆ. ಮೊಟ್ಟೆಯಾದ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡೆ. ಹಲ್ಲಿನ ಡಾಕ್ಟರೊಬ್ಬರು ತೊಳೆಯಲು ಕೊಟ್ಟ ದೋಣಿ ಇವತ್ತು ಮುಗಿಸಿ, ನಾಳೆಯಿಂದ ಕೆಲಸಕ್ಕೆ ಬರಬೇಡ, ಮನೆಯಲ್ಲಿ ಆರಾಮಾಗಿರು ಎಂದು ಹೇಳಿಬಿಡುವುದು. ಆರಾಮ ಎಂದರೆ ಅಪ್ಪನಿಗೆ ಏನೆಂದು ಗೊತ್ತಿಲ್ಲ. ಭಾನುವಾರ ದೋಣಿ ತೊಳೆಯುವ ಶೆಡ್ಡಿಗೆ ಬೀಗ ಹಾಕಿದರೆ ಬೀದಿಯಲ್ಲಿ ನಿಂತ ಕಾರುಗಳ ಚಕ್ರದ ಕೆಸರು ನೋಡುತ್ತ ತಿರುಗುವವನು. ಆ ಕೆಲಸ ಕಿತ್ತುಕೊಂಡರೆ ಅವನಲ್ಲಿ ಏನು ಉಳಿಯುತ್ತದೆ ಎಂದು ನಾನು ಯೋಚಿಸಲಿಲ್ಲ ಎಂದಲ್ಲ. ಯೋಚಿಸಿದೆ, ಆಮೇಲೆ ಆ ಹಸಿರು ಮೊಟ್ಟೆ ನೆನಪಾಯಿತು.

ಶೆಡ್ಡಿಗೆ ಹೋದರೆ ಅಲ್ಲೂ ಅದೇ ಕಥೆ. ಸಾಮಾನಿಡುವ ಹಲಗೆಯ ಮೇಲೆಲ್ಲ ಅಪ್ಪನ ಲೋಳೆಗೈ ಗುರುತು, ಮೂಲೆಯಲ್ಲಿ ಸತ್ತು ಉಬ್ಬಿದ ಒಂದು ಬಸವನಹುಳು. ಶಾಪ ಹಾಕುತ್ತ ಎಲ್ಲವನ್ನೂ ಕೆಳಗಿಳಿಸಿ, ಬಿಸಿನೀರು ಸುರಿದು ಹಲಗೆ ಉಜ್ಜಿ, ಬ್ರಶ್ಶು, ಬಕೆಟ್ಟು, ಕ್ಯಾನುಗಳನ್ನು ಮತ್ತೆ ಮೇಲಿಟ್ಟೆ.

ಆ ಕ್ಯಾನುಗಳ ವಿಷಯ ಹೇಳಬೇಕು. ಎರಡು ಆಸಿಡ್ಡು ನಮ್ಮಲ್ಲಿವೆ, ಎರಡೂ ಒಂದೇ ಥರದ ಬಿಳಿ ಕ್ಯಾನಿನಲ್ಲಿ. ಒಂದು ಮೆತ್ತನೆಯದು, ಪುಡಿಯನ್ನು ನೀರಿಗೆ ಕಲಸಿಟ್ಟದ್ದು. ಅದಕ್ಕೆ ವಾಸನೆಯೇ ಇಲ್ಲ. ದೋಣಿಯ ಹೊಟ್ಟೆಯ ಕಂದು ಕಲೆಯನ್ನು ಅದು ನಿಧಾನವಾಗಿ ತಿನ್ನುತ್ತದೆ. ಇನ್ನೊಂದು ಖಾರದ್ದು. ಮುಚ್ಚಳ ಸಡಿಲಿಸಿದರೆ ಸಾಕು, ಗಂಟಲು ಹಿಡಿಯುತ್ತದೆ. ದೋಣಿ ಮೇಲೆಳೆಯುವ ಇಳಿಜಾರಿನ ಸಿಮೆಂಟು ತಿಕ್ಕಲು ಅದು, ದೋಣಿ ಹೊತ್ತೊಯ್ಯುವ ಟ್ರೇಲರು ಗಾಡಿಯ ಹತ್ತಿರಕ್ಕೂ ತರುವಂತಿಲ್ಲ. ಟ್ರೇಲರಿನ ಕಬ್ಬಿಣಕ್ಕೆ ಸತುವಿನ ಲೇಪ ಇರುತ್ತದೆ. ಖಾರದ ಆಸಿಡ್ಡು ಬಿದ್ದರೆ ಸತು ನೊರೆಯೆದ್ದು ಹೋಗುತ್ತದೆ, ಒಳಗಿನ ಕಬ್ಬಿಣ ಬೆತ್ತಲಾಗಿ ತುಕ್ಕು ಹಿಡಿಯುತ್ತದೆ. ಕ್ಯಾನಿಗೆ ಚೀಟಿ ಅಂಟಿಸಿದರೆ ನೀರು, ಆಸಿಡ್ಡು ಸೇರಿ ವಾರದೊಳಗೆ ಕಿತ್ತು ಬರುತ್ತದೆ. ಪೆನ್ನಿನಲ್ಲಿ ಬರೆದರೂ ಅಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಮೊದಲಿನಿಂದ ಒಂದೇ ಪದ್ಧತಿ: ಮುಚ್ಚಳ ತೆಗೆದು, ಕೈಯಿಂದ ಗಾಳಿ ಬೀಸಿ, ಮೂಸಿ ನೋಡಿ ಸುರಿಯುವುದು. "ಚೀಟಿ ಉದುರುತ್ತೆ, ಮೂಗು ಉದುರುತ್ತಾ?" ಎಂದು ಅಪ್ಪ ಬಂದವರಿಗೆಲ್ಲ ಜಂಬ ಕೊಚ್ಚುತ್ತಿದ್ದ.

ಡಾಕ್ಟರ ದೋಣಿ ಟ್ರೇಲರಿನ ಮೇಲೇ ಇತ್ತು, ಇಳಿಸುವ ಹಾಗಿರಲಿಲ್ಲ. ಟ್ರೇಲರು ಹೊಸದು. "ಕಲೆ ಹೋಗ್ಬೇಕು, ಟ್ರೇಲರ್‌ಗೆ ಒಂದು ಗೀರೂ ಬೀಳ್ಬಾರ್ದು" ಎಂದು ಫೋನಿನಲ್ಲಿ ಹೇಳಿದ್ದರು. ಅದಕ್ಕೊಂದು ಕ್ರಮ ಇದೆ. ಮೊದಲು ಟ್ರೇಲರನ್ನು ಪೈಪಿನಿಂದ ಚೆನ್ನಾಗಿ ನೆನೆಸಬೇಕು. ದೋಣಿ ಕೂರುವ ಹಲಗೆಗಳಿಗೆ ಸುತ್ತಿದ ಕಾರ್ಪೆಟ್ಟಿಗೆ ಹೊಟ್ಟೆ ತುಂಬ ನೀರು ಕುಡಿಸಬೇಕು. ತುಂಬಿದ ಹೊಟ್ಟೆಗೆ ಆಸಿಡ್ಡು ಇಳಿಯುವುದಿಲ್ಲ, ಒಣ ಕಾರ್ಪೆಟ್ಟಾದರೆ ಹೀರಿಕೊಂಡು ವಾರಗಟ್ಟಲೆ ಕೆಳಗಿನ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಆಮೇಲೆ ಒಬ್ಬರು ಮೆತ್ತನೆಯ ಆಸಿಡ್ಡನ್ನು ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋಗಬೇಕು, ಇನ್ನೊಬ್ಬರು ಟ್ರೇಲರಿನ ಮೇಲೆ ನೀರು ಬಿಡುತ್ತಲೇ ಇರಬೇಕು.

ಬೆಳಗ್ಗೆಯೆಲ್ಲ ಲೋಳೆ ಕೆರೆದೆವು. ಅಪ್ಪ ಗ್ಲೌಸು ಹಾಕದೆ ಬರಿಗೈಯಲ್ಲಿ ಬಳಿದು ಬಕೆಟ್ಟಿಗೆ ಹಾಕಿದ, ಅದೇ ಕೈಯಲ್ಲಿ ಗಡ್ಡ ಕೆರೆದುಕೊಂಡ. ದೋಣಿಯೊಳಗೆ ಮೀನು ಹಾಕುವ ತೊಟ್ಟಿಯಲ್ಲಿ ಯಾರೋ ಬಿಟ್ಟುಹೋದ ಮೀನು ಕೊಳೆತು ಗಂಜಿಯಾಗಿತ್ತು. ನಾನು ಮುಖ ತಿರುಗಿಸಿ ನಿಂತೆ. ಅಪ್ಪ ಅದನ್ನು ಅಂಗೈಯಲ್ಲಿ ತೋಡಿ ತೆಗೆದು, "ದೊಡ್ಡ ಮೀನೇ ಇತ್ತು ಕಣಮ್ಮ" ಎಂದು ನನಗೆ ತೋರಿಸಿದ. ಇದೇ ಕೊನೆಯ ದಿನ, ಇದೇ ಕೊನೆಯ ದಿನ ಎಂದು ಹಲ್ಲು ಕಚ್ಚಿಕೊಂಡೆ.

ಲೋಳೆ ಹೋದ ಮೇಲೆ ಕಲೆ ಉಳಿಯಿತು, ನೀರಿನ ಗೆರೆಯುದ್ದಕ್ಕೂ ಚಹಾ ಚೆಲ್ಲಿದ ಹಾಗೆ. ಟ್ರೇಲರನ್ನೂ ಕಾರ್ಪೆಟ್ಟನ್ನೂ ನೆನೆಸಿದೆವು. ಅಷ್ಟರಲ್ಲಿ ಪೈಪಿನ ನೀರು ಸಣ್ಣಗಾಯಿತು. "ನೀನು ಕ್ಯಾನ್ ತಗೊಂಡು ಬಾ, ನಾನು ಹಿಂದಿನ ನಲ್ಲಿಗೆ ಹಾಕ್ಕೊಂಡು ಬರ್ತೀನಿ. ನಾನು ಬರೋವರೆಗೂ ಹಚ್ಚಬೇಡ" ಎಂದೆ. ಹೋಗುತ್ತ ತಿರುಗಿ ನೋಡಿದೆ. ಅಪ್ಪ ಹಲಗೆಯಿಂದ ಕ್ಯಾನು ಇಳಿಸಿದ, ಮುಚ್ಚಳ ತೆಗೆದ, ಕೈ ಬೀಸಿ ಮೂಸಿದ, ತಲೆಯಾಡಿಸಿದ. ಸರಿ ಎಂದುಕೊಂಡು ಹೋದೆ.

ಹಿಂದಿನ ನಲ್ಲಿ ಬಿಗಿಯಾಗಿತ್ತು, ತಿರುಗಿಸಲು ಹೊತ್ತು ಹಿಡಿಯಿತು. ಪೈಪು ಎಳೆದುಕೊಂಡು ಮೂಲೆ ತಿರುಗುತ್ತಿದ್ದ ಹಾಗೆ ಗಂಟಲು ಕಚ್ಚಿಕೊಂಡಿತು. ಶೆಡ್ಡಿನ ಮುಂದೆ ಬಿಳಿ ಹೊಗೆ. ಹೊಗೆಯ ನಡುವೆ ಅಪ್ಪ ಕೆಮ್ಮುತ್ತ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ, ಬಗ್ಗಿ ಉಜ್ಜುತ್ತಿದ್ದಾನೆ. ಬ್ರಶ್ಶಿನಿಂದ ಸೋರಿದ್ದೆಲ್ಲ ಟ್ರೇಲರಿನ ಕಬ್ಬಿಣದ ತೋಳಿನ ಮೇಲೆ ಬಿದ್ದು, ಸತು ಬುಸಬುಸ ಕುದಿಯುತ್ತಿತ್ತು.

ಪೈಪು ಹಿಡಿದೇ ಓಡಿದೆ. ಅಪ್ಪನ ಅಂಗಿ ಹಿಡಿದು ಹಿಂದಕ್ಕೆಳೆದೆ. ಅವನ ಮೇಲೂ ಟ್ರೇಲರಿನ ಮೇಲೂ ದೋಣಿಯ ಮೇಲೂ ಪೈಪು ತಿರುಗಿಸಿದೆ. ಹೊಗೆ ಇಳಿದ ಮೇಲೆ ಆಸಿಡ್ಡನ್ನು ಕೊಲ್ಲುವ ಅಡುಗೆಸೋಡದ ಚೀಲವನ್ನೇ ತಂದು ಕಬ್ಬಿಣಕ್ಕೆ ಸುರಿದೆ. ನೊರೆ ನಿಂತಿತು. ಬೆಳಗ್ಗೆ ಬೆಳ್ಳಗಿದ್ದ ಟ್ರೇಲರಿನ ತೋಳು ಮೊಳದುದ್ದ ಕಪ್ಪಗೆ, ಒರಟಾಗಿ ನಿಂತಿತ್ತು.

ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಇಷ್ಟು ತಿಂಗಳು ಊರಿಗೆಲ್ಲ ಹೇಳಿ ಅವನಿಗೆ ಹೇಳದ ಮಾತುಗಳೆಲ್ಲ ಒಟ್ಟಿಗೆ ಬಂದವು. ಹೊಲಸು ಅಂದೆ, ಗಲೀಜು ಅಂದೆ, ನಿನ್ನ ಜೊತೆ ಊಟಕ್ಕೆ ಕೂತರೆ ವಾಕರಿಕೆ ಬರುತ್ತದೆ ಅಂದೆ. ಕೊನೆಗೆ, "ಮೂಸಿ ನೋಡಿದೆಯಲ್ಲ, ನಾನೇ ಕಂಡೆ! ಮೂಗು ಸತ್ತುಹೋಗಿದೆಯಾ ನಿಂಗೆ?" ಎಂದು ಕಿರುಚಿದೆ.

ಅಪ್ಪ ಒದ್ದೆಯಾಗಿ ನಿಂತಿದ್ದ. "ಹೂಂ ಕಣಮ್ಮ" ಎಂದ. "ಸತ್ತೇಹೋಗಿದೆ."

ನನಗೆ ಮೊದಲು ಅರ್ಥವಾಗಲಿಲ್ಲ.

"ಚಳೀಲಿ ಜ್ವರ ಬಂದಿತ್ತಲ್ಲ, ಆವಾಗಿಂದ. ಏನೂ ಬರಲ್ಲ. ಹೂವೂ ಒಂದೇ, ಹೇಲೂ ಒಂದೇ. ಉಪ್ಪು, ಹುಳಿ ಗೊತ್ತಾಗುತ್ತೆ, ಅಷ್ಟೆ."

"ಮತ್ತೆ ಮೂಸಿದ್ದು?"

"ನೀನು ನೋಡ್ತಿದ್ದೆಯಲ್ಲ, ಮೂಸಿದ ಹಾಗೆ ಮಾಡಿದೆ. ಜಾಗ ನೋಡಿ ತಗೋತಿದ್ದೆ. ಮೆತ್ತಂದು ಎಡಕ್ಕೆ, ಖಾರದ್ದು ಬಲಕ್ಕೆ. ಒಂದಿನಾನೂ ತಪ್ಪಿರ್ಲಿಲ್ಲ. ಇವತ್ತು ಹೇಗಾಯ್ತೋ, ನೀನು ಬರೋದು ತಡವಾಯ್ತು ಅಂತ ಶುರು ಮಾಡ್ದೆ, ಕಣ್ಣು ಉರಿದಾಗ್ಲೂ, ಹೊಗೆ ಎದ್ದಾಗ್ಲೂ ಬಿಸಿಲಿಗೆ ಇರ್ಬೇಕು ಅಂದ್ಕೊಂಡೆ."

ಹೇಗಾಯಿತೆಂದು ನನಗೆ ಗೊತ್ತಿತ್ತು. ಬೆಳಗ್ಗೆ ಹಲಗೆ ಉಜ್ಜಿ ಕ್ಯಾನುಗಳನ್ನು ಕೈಗೆ ಬಂದ ಹಾಗೆ ಮೇಲಿಟ್ಟವಳು ನಾನು. ಅದನ್ನು ಅವನಿಗೆ ಹೇಳಿದೆ. ಅಪ್ಪ ಬೈಯಲಿಲ್ಲ. "ಉಜ್ಜಿದ್ಯಾ? ಕೊಳೆಯಾಗಿತ್ತಾ?" ಎಂದು ಕೇಳಿದ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ.

ಸಂಜೆ ಡಾಕ್ಟರು ಬಂದರು. ಅವರು ಬರುವಷ್ಟರಲ್ಲಿ ಮೆತ್ತನೆಯದರಲ್ಲಿ ಉಳಿದ ಕಲೆ ತೆಗೆದು ದೋಣಿ ಬೆಳ್ಳಗೆ ಮಾಡಿದ್ದೆವು. ಅವರ ಕಣ್ಣು ಮಾತ್ರ ನೇರ ಕಪ್ಪಾದ ಕಡೆಗೇ ಹೋಯಿತು. ಅಪ್ಪ ಬಾಯಿ ತೆಗೆಯುವ ಮೊದಲೇ ನಾನು, "ನಮ್ಮಿಂದ ತಪ್ಪಾಯ್ತು ಡಾಕ್ಟ್ರೇ, ಕ್ಯಾನು ಅದಲುಬದಲಾಯ್ತು" ಎಂದೆ. ಅವರು ಬಗ್ಗಿ, ಉಗುರಿನಿಂದ ಕೆರೆದು, ಬಹಳ ಹೊತ್ತು ನೋಡಿದರು. ಮುಖ ಸಿಂಡರಿಸಿದರು.

"ಹುಳುಕು ಹಲ್ಲಿದ್ದ ಹಾಗಿದೆ" ಎಂದರು. "ಏನ್ ಮಾಡ್ತೀರಿ?"

"ನೀವು ಮಾಡೋದನ್ನೇ. ಕೆರೆದು ತುಂಬ್ತೀವಿ. ಸತುವಿನ ಪೇಂಟು ಬರುತ್ತೆ. ಹೊಸದರ ಹಾಗೆ ಆಗಲ್ಲ, ತುಕ್ಕು ಮಾತ್ರ ಹಿಡಿಯಲ್ಲ."

ಅವರು ನಗಲಿಲ್ಲ. ಶನಿವಾರ ಬಂದು ನೋಡುತ್ತೇನೆ, ಸರಿಯಾಗಿಲ್ಲದಿದ್ದರೆ ಇನ್ನು ಇತ್ತ ಬರುವುದಿಲ್ಲ ಎಂದು ಹೇಳಿ ಹೋದರು. ತಪ್ಪು ಮಾಡಿದವರಿಗೆ ಅಷ್ಟು ಅವಕಾಶ ಸಿಕ್ಕರೆ ಸಾಕು.

ಅಪ್ಪ ಬಕೆಟ್ಟುಗಳನ್ನು ಬೋರಲು ಹಾಕಿ, ಹೊಸಲಿನ ಹತ್ತಿರ ನಿಂತ. "ನಾಳೆಯಿಂದ ನಾನು ಬರಲ್ಲ ಬಿಡು" ಎಂದ. "ಮೂಗಿಲ್ದೋನು ಈ ಕೆಲಸಕ್ಕೆ ಯಾಕೆ? ಇವತ್ತು ಟ್ರೇಲರ್, ನಾಳೆ ನಿನ್ನ ಮುಖದ ಮೇಲೆ ಚೆಲ್ತೀನಿ."

ಬೆಳಗ್ಗೆಯಿಂದ ನಾನು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿಬಿಟ್ಟಿದ್ದ. ನಾನು ಹೂಂ ಎಂದರೆ ಮುಗಿಯುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಕ್ಯಾನು ನಾನು ಮೂಸಿ ಕೊಡ್ತೀನಿ. ಉಜ್ಜೋದು ನೀನು" ಎಂದೆ. "ಈ ನಾತ ಕುಡ್ಕೊಂಡು ನಾನೊಬ್ಬಳೇ ಉಜ್ಜೋಕಾಗಲ್ಲ. ನಿಂಗಾದ್ರೆ ಅನುಕೂಲ."

ಅವನು ತುಟಿ ಕೊಂಕಿಸಿದ, ನಕ್ಕನೋ ಏನೋ. ಆಮೇಲೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ ಕೇಳಿದ.

"ಅಷ್ಟೊಂದು ನಾತ ಹೊಡೀತೀನಾ?"

"ಹೂಂ ಅಪ್ಪಾ."

"ಎಲ್ಲರಿಗೂ ಗೊತ್ತಾ?"

"ಎಲ್ಲರಿಗೂ ಗೊತ್ತು."

ಅಪ್ಪ ನೆಲ ನೋಡಿದ. ಗುಂಡಿ ಬಿಚ್ಚಿ ಅಂಗಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. "ಇದು ಒಗೆಯೋದಾ, ಎಸೆಯೋದಾ? ನೀನೇ ನೋಡಿ ಹೇಳು."

ಅಂಗಿ ಇಸಕೊಂಡೆ. ಕೊಳೆತ ಮೀನು, ಲೋಳೆ, ಆಸಿಡ್ಡು, ಬೆವರು. ಕಣ್ಣು ಮುಚ್ಚಿ, ಮುಖಕ್ಕೆ ಒತ್ತಿಕೊಂಡು, ಉಸಿರು ಪೂರ್ತಿ ಒಳಗೆಳೆದುಕೊಂಡೆ.

"ಎಸೆಯೋದು" ಎಂದೆ.

ಅಪ್ಪ ಬನಿಯನ್ನೂ ತೆಗೆದು ಕೊಟ್ಟ. "ಇದು?"